ಪ್ಲಾಸ್ಟಿಕ್ ಬಿಡಿಸಿದವರು ಯಾರು

ಆ ದಿನ ಬೆಳಗ್ಗೆ ಮಂಜು ಬೀದಿಯಲ್ಲಿ ಸೊಂಟದೆತ್ತರಕ್ಕೆ ನಿಂತುಬಿಟ್ಟಿತ್ತು. ಮೇಲೆ ಆಕಾಶ ತಿಳಿಯಾಗಿತ್ತು, ಕೆಳಗೆ ನಡೆಯುವವರ ಕಾಲು ಕಾಣುತ್ತಿರಲಿಲ್ಲ. ಹಾಲಿನವನು ಬಂದರೆ ಮೊದಲು ಬೆಲ್ಲಿನ ಸದ್ದು, ಆಮೇಲೆ ತಲೆ, ಎಲ್ಲಕ್ಕಿಂತ ಕೊನೆಗೆ ಸೈಕಲ್ಲು. ಸೃಷ್ಟಿ ಮಾಡಿದವನು ಚಿತ್ರವನ್ನು ಅರ್ಧ ಬರೆದು, ಉಳಿದದ್ದನ್ನು ಆಮೇಲೆ ನೋಡೋಣವೆಂದು ಎದ್ದು ಹೋದಂತಿತ್ತು.

ಬಡಗಿಯ ಮನೆಯ ಮೆಟ್ಟಿಲ ಮೇಲೆ ದೊಡ್ಡಮ್ಮ ಕುಳಿತಿದ್ದರು. ತೊಡೆಯ ಮೇಲೆ ಕಳೆದ ವಾರ ಆ ಮನೆಗೆ ಬಂದ ಒಂದು ಬಟ್ಟೆಚೀಲ. ಕೈಯಲ್ಲೊಂದು ಕಾಗದ. ಅದನ್ನು ಅವರು ಓದುತ್ತಿರಲಿಲ್ಲ, ಮೂಸುತ್ತಿದ್ದರು.

"ಅಕ್ಕಾ, ಅದು ಬಡಗಿಯ ಮದುವೆ ಸರ್ಟಿಫಿಕೇಟು. ಮದುವೆ ಹಾರ ಅಲ್ಲ," ಎಂದ ಪಕ್ಕದಲ್ಲಿ ನಿಂತಿದ್ದ ಚಿಲ್ಲರೆ ಮಾವ.

"ಸುಮ್ನಿರೋ. ಹಾರ ಬಾಡಿದ ಮೇಲೂ ವಾಸನೆ ಉಳಿಸ್ಕೊಳ್ಳೋದು ಇದೊಂದೇ," ಎಂದರು ದೊಡ್ಡಮ್ಮ.

ಮಾವ ಅವರ ತಮ್ಮ. ಬಸ್ಸಿನಲ್ಲಿ ಕಂಡಕ್ಟರಾಗಿದ್ದು ನಿವೃತ್ತನಾದವನು. ಚಿಲ್ಲರೆ ಕೊಡದೆ ಯಾರನ್ನೂ ಇಳಿಸಿದವನಲ್ಲವಾದ್ದರಿಂದ ಆ ಹೆಸರು. ದೊಡ್ಡಮ್ಮ ಗಡಿಯ ಚೆಕ್‌ಪೋಸ್ಟಿನಲ್ಲಿ ಕೂದಲು ಹಣ್ಣಾಗುವವರೆಗೆ ಮಂದಿಯ ಪೆಟ್ಟಿಗೆ ತಪಾಸಣೆ ಮಾಡಿದವರು. ಈಗ ಬೆಳಗಿನ ಪ್ರಾರ್ಥನೆ ಮುಗಿಸಿ, ಊರಿನವರು ಕಳೆದುಕೊಂಡದ್ದನ್ನು ಹುಡುಕಿಕೊಡಲು ತಮ್ಮನ ಸ್ಕೂಟರಿನ ಹಿಂದೆ ಕೂರುತ್ತಾರೆ.

ಆದರೆ ಈ ಸಲದ ಹುಡುಕಾಟವೇ ತಿರುಗಾಮುರುಗಾ. ಬೀದಿಯ ಹತ್ತಾರು ಮನೆಗಳ ಅಸಲು ಕಾಗದಗಳನ್ನೂ ಫೀಸನ್ನೂ ಇಟ್ಟುಕೊಂಡು ವೀಸಾ ಏಜೆಂಟ್ ರಾತ್ರೋರಾತ್ರಿ ಪರಾರಿಯಾದ ಮೇಲೆ, ಆ ಕಾಗದಗಳು ವಾರಕ್ಕೊಂದರಂತೆ ಚೀಲದೊಳಗೆ ಕೂತು ಅವರವರ ಮನೆಯ ಬಾಗಿಲಿಗೆ ಬಂದು ತೂಗತೊಡಗಿದ್ದವು. ಕದ್ದವನು ಯಾರೆಂದು ಎಲ್ಲರಿಗೂ ಗೊತ್ತು. ಹಿಂದಕ್ಕೆ ಕೊಡುತ್ತಿರುವವರು ಯಾರೆಂದು ಯಾರಿಗೂ ಗೊತ್ತಿಲ್ಲ.

ಚೀಲ ಇನ್ನೂ ಬಾರದ ಮನೆ ಒಂದೇ ಒಂದು. ಆ ಮನೆಯ ಹೆಣ್ಣುಮಗಳು ಮೆಟ್ಟಿಲ ಕೆಳಗೆ ಮಂಜಿನಲ್ಲಿ ಅರ್ಧ ಮುಳುಗಿ ನಿಂತಿದ್ದಳು. ಕನ್ನಡಕದಂಗಡಿಯಲ್ಲಿ ಫ್ರೇಮಿಗೆ ಗಾಜು ಕೂರಿಸುವುದು ಅವಳ ಕೆಲಸ. ಬೀದಿಗೆಲ್ಲ ಅವಳು ಕನ್ನಡಕದವಳು.

ಅವಳ ಗಂಡ ಸೇತುವೆಯಾಚೆಯ ಪಕ್ಕದ ದೇಶದಲ್ಲಿ ಲಿಫ್ಟ್ ಮೆಕ್ಯಾನಿಕ್ಕು. ಹೆಂಡತಿ ಮಗಳನ್ನು ಕರೆಸಿಕೊಳ್ಳಲು ಅವನಿಗೆ ಸಿಕ್ಕ ಅನುಮತಿ ಈ ತಿಂಗಳಿಗೆ ಮುಗಿಯುತ್ತದೆ. ಪಕ್ಕದ ದೇಶದವರು ಈ ಊರಿನಲ್ಲೇ ಇಟ್ಟಿರುವ ವೀಸಾ ಕೌಂಟರಿನಲ್ಲಿ ನಾಳೆ ಬೆಳಗ್ಗೆ ಅವಳ ಸರದಿ. ಪೊಲೀಸರ ಪತ್ರ ಸಿದ್ಧ. ಆಸ್ಪತ್ರೆಯ ಮುಚ್ಚಿದ ಲಕೋಟೆ ಸಿದ್ಧ. ಬ್ಯಾಂಕಿನ ಸ್ಟೇಟ್‌ಮೆಂಟೂ ಸಿದ್ಧ. ಮದುವೆಯ ಸರ್ಟಿಫಿಕೇಟಿನ ಅಸಲು, ಮಗಳ ಜನನ ಪತ್ರದ ಅಸಲು, ಇವೆರಡೇ ಇಲ್ಲ.

"ಹೊಸದಾಗಿ ಬರೆಸ್ಕೊಳ್ಳೋಕೆ ಹೋಗಿದ್ಯಾ?" ಎಂದು ದೊಡ್ಡಮ್ಮ ಕೇಳಿದ್ದರು.

"ಹೋಗಿದ್ದೆ ದೊಡ್ಡಮ್ಮ. ಹಳೇ ರಿಜಿಸ್ಟರು ಹುಡುಕಬೇಕು, ಮುಂದಿನ ತಿಂಗಳು ಬಾ ಅಂದ್ರು. ಮುಂದಿನ ತಿಂಗಳು ನಾನು ಹೋಗಿ ಏನು ಮಾಡ್ಲಿ? ಬ್ಯಾಂಕಲ್ಲಿ ನಮ್ಮ ದುಡ್ಡು ಅಲುಗಾಡದೆ ಕೂತಿರಬೇಕು ಅಂತ ರೂಲ್ಸು. ಕೂರಿಸಿದ್ದೀನಿ. ಮಗಳ ಬೂಟು ಹರಿದ್ರೂ ಮುಟ್ಟಿಲ್ಲ. ಇಷ್ಟು ದುಡ್ಡಿಟ್ಕೊಂಡು ಇಷ್ಟು ಬಡತನ ಯಾರೂ ಮಾಡಿರಲ್ಲ."

ಆ ಮಾತಿಗೆ ಅವಳೇ ನಕ್ಕಿದ್ದಳು. ನಗುವ ಶಕ್ತಿ ಉಳಿದವರಿಗೆ ದೇವರು ದಾರಿಯನ್ನು ಪೂರ್ತಿ ಮುಚ್ಚಿರುವುದಿಲ್ಲ ಎಂದು ದೊಡ್ಡಮ್ಮನಿಗೆ ಆಗಲೇ ಅನ್ನಿಸಿತ್ತು.

ಈಗ ಅವರು ಬಡಗಿಯ ಕಾಗದವನ್ನು ಬೆಳಕಿಗೆ ಹಿಡಿದರು.

"ಇದಕ್ಕೆ ಪ್ಲಾಸ್ಟಿಕ್ ಹೊದಿಸಿದ್ರಲ್ಲ?"

"ಹೂಂ, ಲ್ಯಾಮಿನೇಷನ್ನು," ಎಂದ ಬಡಗಿ. "ಏಜೆಂಟ್ ಆಫೀಸಲ್ಲಿ ಎಲ್ಲರದ್ದಕ್ಕೂ ಮಾಡಿದ್ರು. ನೂರು ವರ್ಷ ಬಾಳುತ್ತೆ ಅಂದ್ರು. ಹೇಗೆ ಹೊಳೀತಿತ್ತು ಅಂದ್ರೆ, ನೋಡ್ಕೊಂಡು ಗಡ್ಡ ಕೆರ್ಕೊಬಹುದಿತ್ತು."

ಎಡವಟ್ಟು ಆಗಿದ್ದೇ ಅಲ್ಲಿ. ಪಕ್ಕದ ದೇಶದ ಕೌಂಟರಿನವರು ಅಸಲಿನ ಬೆನ್ನಿಗೆ ಮುದ್ರೆ ಒತ್ತುತ್ತಾರೆ. ಪ್ಲಾಸ್ಟಿಕ್ಕಿನ ಮೇಲೆ ಮುದ್ರೆ ನಿಲ್ಲುವುದಿಲ್ಲ. ಆದ್ದರಿಂದ ಲ್ಯಾಮಿನೇಷನ್ ಆದ ಅಸಲು ಅವರ ಲೆಕ್ಕದಲ್ಲಿ ಅಸಲೇ ಅಲ್ಲ. ಏಜೆಂಟ್ ಒಯ್ದ ಅಷ್ಟೂ ಫೈಲುಗಳು ಒಂದೇ ದಿನ ತಿರಸ್ಕಾರವಾಗಿ ವಾಪಸು ಬಂದಿದ್ದವು. ಅದಾದ ಮೇಲೆಯೇ ಅವನು ಬೀಗ ಜಡಿದು ಹೋದದ್ದು.

"ಈಗ ನೋಡು, ಪ್ಲಾಸ್ಟಿಕ್ಕೇ ಇಲ್ಲ," ಎಂದರು ದೊಡ್ಡಮ್ಮ. "ಯಾರೋ ಕೂತ್ಕೊಂಡು, ಕಾಗದ ಹರಿಯದ ಹಾಗೆ ಪದರ ಬಿಡಿಸಿದ್ದಾರೆ. ಹಡೆದವಳು ಮಗುವಿನ ತಲೆ ಸಿಕ್ಕು ಬಿಡಿಸೋ ಹಾಗೆ."

"ಇಸ್ತ್ರಿ ಪೆಟ್ಟಿಗೆ ಇಟ್ಟು ಬಿಡಿಸಿರ್ತಾರೆ," ಎಂದ ಮಾವ.

"ಇಸ್ತ್ರಿ ಆದ್ರೆ ಕಾಗದ ಚಪ್ಪಟೆ ಆಗಿರ್ತಿತ್ತು. ಇದು ಅಲೆ ಅಲೆ ಆಗಿದೆ. ಬಿಸಿಗಾಳಿ ಬಿಟ್ಟಿದ್ದಾರೆ. ಆಮೇಲೆ ಅಂಟು ಉಳಿದಲ್ಲಿ ಮುಖಕ್ಕೆ ಹಾಕೋ ಪೌಡರ್ ಉದುರಿಸಿದ್ದಾರೆ. ನೀನೂ ಮೂಸು."

ಮಾವ ಮೂಸಿದ. ಸೀನು ಬಂತು.

ದೊಡ್ಡಮ್ಮ ಕಾಗದದ ಮೂಲೆಯಿಂದ ಉಗುರಿನಲ್ಲಿ ಏನನ್ನೋ ಎತ್ತಿ ಬಡಗಿಗೆ ತೋರಿಸಿದರು. ಒಂದು ಕೂದಲ ತುಣುಕು. ಕತ್ತರಿ ತಾಗಿದ್ದು, ತುದಿಗೆ ಕೆಂಪು ಬಣ್ಣ.

"ನಿಮ್ಮನೇಲಿ ಯಾರಾದ್ರೂ ಕೂದಲಿಗೆ ಕೆಂಪು ಬಣ್ಣ ಹಚ್ಚಿಸ್ಕೊಳ್ತಾರಾ?"

"ನಮ್ಮನೇಲಿ ಕೂದಲೇ ಕಡಿಮೆ ದೊಡ್ಡಮ್ಮ," ಎಂದ ಬಡಗಿ, ತಲೆ ಸವರಿಕೊಂಡು.

"ಚೀಲದಲ್ಲಿ ಮತ್ತೇನಿತ್ತು?"

ಬಡಗಿ ಒಳಗೆ ಹೋಗಿ ಒಂದು ಲಕೋಟೆ ತಂದ. ಏಜೆಂಟಿಗೆ ಕೊಟ್ಟ ಫೀಸು ಅದರಲ್ಲಿ ಪೂರ್ತಿ ವಾಪಸು ಬಂದಿತ್ತಂತೆ. ಉಳಿದ ಮನೆಗಳಿಗೂ ಹಾಗೆಯೇ ಬಂದಿದೆಯಂತೆ. ದೊಡ್ಡಮ್ಮ ಒಂದು ಕೈಯಲ್ಲಿ ಚೀಲ, ಒಂದು ಕೈಯಲ್ಲಿ ಲಕೋಟೆ ಹಿಡಿದು ಸ್ವಲ್ಪ ಹೊತ್ತು ಕಣ್ಣು ಮುಚ್ಚಿದರು. ಚೀಲವನ್ನು ಹಳೆಯ ದಿಂಬಿನ ಕವರು ಬಿಚ್ಚಿ ಹೊಲಿದಿದ್ದರು. ಬಾಯಿಗೆ ಕೂದಲಿಗೆ ಹಾಕುವ ರಬ್ಬರ್ ಬ್ಯಾಂಡು. ಲಕೋಟೆಯಾದರೋ ದಪ್ಪ, ನುಣುಪು, ಬೆಲೆಬಾಳುವಂಥದ್ದು.

"ಚೀಲ ಕಷ್ಟದವರದು," ಎಂದರು. "ಲಕೋಟೆ ಅನುಕೂಲಸ್ಥರದು."

"ಒಬ್ಬರೇ ಎರಡನ್ನೂ ಇಟ್ಟಿರಬಾರದಾ?" ಎಂದಳು ಕನ್ನಡಕದವಳು.

"ಇರಬಹುದು ಮಗಳೇ. ನಿನಗೆ ಈಗ ಬೇಕಾಗಿರೋದು ಕಾಗದ. ಮೊದಲು ಚೀಲದವರನ್ನ ಹಿಡಿಯೋಣ."

ದಾರಿಯಲ್ಲಿ ಜೆರಾಕ್ಸ್ ಅಂಗಡಿ. ಪ್ಲಾಸ್ಟಿಕ್ ಹಾಕಿದವನೇ ತೆಗೆದಿರುತ್ತಾನೆ ಎಂಬುದು ಮಾವನ ವಾದ. ಸ್ಕೂಟರು ನಿಲ್ಲಿಸಿದವನೇ ಕೌಂಟರಿನ ಮೇಲೆ ಮೊಣಕೈ ಊರಿ, ಸಿನಿಮಾದ ಪೊಲೀಸನಂತೆ ಹುಬ್ಬು ಗಂಟಿಕ್ಕಿ, "ಏನಪ್ಪಾ, ಪ್ಲಾಸ್ಟಿಕ್ ಬಿಡಿಸ್ತೀಯಂತೆ?" ಎಂದ.

"ಹಾಕೋದು ಮಾತ್ರ ಗೊತ್ತು ಮಾವ. ಬಿಡಿಸೋದು ಗೊತ್ತಿದ್ದಿದ್ರೆ ಇಷ್ಟೊತ್ತಿಗೆ ಎರಡಂತಸ್ತು ಕಟ್ಟಿಸಿರ್ತಿದ್ದೆ," ಎಂದ ಅಂಗಡಿಯವನು. "ಆ ಏಜೆಂಟ್ ಆಫೀಸಿನವರು ನನ್ನ ಹತ್ರ ಒಂದು ಹಾಳೆನೂ ತರಲಿಲ್ಲ. ಅವರದ್ದೇ ಮಿಷನ್ ಇತ್ತು. ಏಜೆಂಟಿನ ತಂಗಿ ಕೂತು ಮಾಡ್ತಿದ್ಲು. ಪಾಪ, ಈಗ ಹಿಂದಿನ ರಸ್ತೆಯ ಬ್ಯೂಟಿ ಪಾರ್ಲರಲ್ಲಿ ಕಸ ಗುಡಿಸ್ತಾಳೆ."

ದೊಡ್ಡಮ್ಮ ಸ್ಕೂಟರಿನಿಂದ ಇಳಿಯಲೂ ಇಲ್ಲ.

"ಪಾರ್ಲರಿಗೆ ವಾರದ ರಜೆ ಯಾವತ್ತು?"

"ಇವತ್ತೇ."

ಚೀಲಗಳು ಬಾಗಿಲಿಗೆ ಬರುತ್ತಿದ್ದದ್ದು ಪ್ರತಿ ವಾರ ಈ ದಿನ ಕಳೆದ ಮರುಬೆಳಗ್ಗೆ. ಹಿಂದೆ ನಡೆದು ಬಂದು ಸೇರಿದ್ದ ಕನ್ನಡಕದವಳ ಮುಖಕ್ಕೆ ಬಣ್ಣ ಬಂತು. "ಹಾಗಾದ್ರೆ ನಾಳೆ ಬೆಳಗ್ಗೆ ನನ್ನ ಬಾಗಿಲಿಗೆ ಬರಬಹುದಾ?"

"ಬಂದ್ರೂ ಬರಬಹುದು. ಬಾರದೇ ಇದ್ರೆ? ಕೌಂಟರಿನವರು ನಿನ್ನ ಬಾಗಿಲು ಕಾಯಲ್ಲ. ನಡಿ."

ಹಿಂದಿನ ರಸ್ತೆಯಲ್ಲಿ ಬ್ಯೂಟಿ ಪಾರ್ಲರುಗಳು ಮೂರು. ಮೂರಕ್ಕೂ ಷಟರು ಎಳೆದಿತ್ತು. ಮಾವ ಪ್ರತಿ ಕಟ್ಟಡದ ಮೆಟ್ಟಿಲ ಕೆಳಗೆ ಬಗ್ಗಿ ಕರೆಂಟಿನ ಮೀಟರುಗಳನ್ನು ನೋಡುತ್ತ ಬಂದ. ಬಸ್ಸಿನ ಕತ್ತಲಲ್ಲಿ ಟಿಕೆಟ್ಟಿನ ನಂಬರು ಓದಿದ ಕಣ್ಣು. ಮೂರನೆಯ ಕಡೆ ನಿಂತ.

"ಅಕ್ಕಾ, ಬಾಗಿಲು ಮುಚ್ಚಿದೆ, ಮೀಟರು ಓಡ್ತಾ ಇದೆ."

ಷಟರಿಗೆ ಕಿವಿ ಇಟ್ಟರೆ ಒಳಗೆ ದುಂಬಿಯಂಥ ಗುಂಯ್ ಸದ್ದು. ಕೂದಲು ಒಣಗಿಸುವ ಡ್ರೈಯರು.

ಮಾವ ಬೆರಳ ಗೆಣ್ಣಿನಿಂದ ತಟ್ಟಿದ. ಸದ್ದು ನಿಂತಿತು.

"ಇವತ್ತು ರಜಾ," ಎಂದಿತು ಒಳಗಿನ ದನಿ.

"ನನ್ನ ತಲೆಗೆ ವರ್ಷಗಟ್ಟಲೆಯಿಂದ ರಜಾನೇ ತಾಯಿ," ಎಂದ ಮಾವ. "ಕೂದಲ ಕೆಲಸಕ್ಕೆ ಬಂದಿಲ್ಲ, ಕಾಗದದ ಕೆಲಸಕ್ಕೆ ಬಂದಿದ್ದೀವಿ."

ಒಳಗೆ ಚಿಲಕ ಸರಿದ ಸದ್ದಾಯಿತು. ಆಮೇಲೆ ಷಟರು ಅರ್ಧಕ್ಕೆ ಎದ್ದಿತು. ಹೆಂಗಸರಿಬ್ಬರೂ ಬಗ್ಗಿ ಒಳಗೆ ಹೋದರು. ಮಾವನಿಗೆ ದೊಡ್ಡಮ್ಮ ಚಹಾ ತರಲು ಹೇಳಿದರು. "ಹೆಂಗಸರ ಜಾಗ. ನೀನು ಕನ್ನಡಿ ನೋಡಿ ಬೇಜಾರು ಮಾಡ್ಕೊಳ್ಳೋದು ಬೇಡ."

ಒಳಗೆ ಗೋಡೆಯುದ್ದಕ್ಕೂ ಕನ್ನಡಿ. ಮೇಜಿನ ಮೇಲೆ ಬಿಳಿ ಟವೆಲು, ಪೌಡರಿನ ಡಬ್ಬಿ, ಡ್ರೈಯರು. ಟವೆಲಿನ ನಡುವೆ ಒಂದು ಹಳದಿಗಟ್ಟಿದ ಕಾಗದ. ಒಂದು ಮೂಲೆಯಲ್ಲಿ ಮಾತ್ರ ಪ್ಲಾಸ್ಟಿಕ್ ಎದ್ದು ಸುರುಳಿಯಾಗಿತ್ತು. ಅದರ ಹಿಂದೆ ಏಜೆಂಟಿನ ತಂಗಿ ಗೋಡೆಗಂಟಿ ನಿಂತಿದ್ದಳು. ಬೆರಳ ತುದಿಗಳಲ್ಲಿ ಬೊಬ್ಬೆಗಳು.

ಕನ್ನಡಕದವಳಿಗೆ ಕಾಗದದ ಗುರುತು ಸಿಕ್ಕಿತು. ಇಷ್ಟು ದಿನ ಅದುಮಿಟ್ಟದ್ದೆಲ್ಲ ಒಮ್ಮೆಗೇ ಉಕ್ಕಿತು.

"ನನ್ನ ಮಗಳ ಹುಟ್ಟನ್ನೇ ಬಚ್ಚಿಟ್ಟಿದ್ದೀಯಲ್ಲೇ! ಎಲ್ಲರ ಮನೆಗೂ ಹೋಯ್ತು. ನಮ್ಮನೆ ಏನು ಪಾಪ ಮಾಡಿತ್ತು? ಅವಳ ಅಪ್ಪ ದಿನಾ ಫೋನಲ್ಲಿ, ಬಂತಾ, ಬಂತಾ ಅಂತಾನೆ. ಏನು ಹೇಳ್ಲಿ ನಾನು?"

"ಬಚ್ಚಿಡಲಿಲ್ಲಕ್ಕ…"

"ಮತ್ತೇನು ಪೂಜೆಗಿಟ್ಟಿದ್ಯಾ?"

"ಹೆದ್ರಿಕೆಯಾಯ್ತು ಅಕ್ಕ. ಬೇರೆಯವರದ್ದೆಲ್ಲ ಪ್ರಿಂಟು. ನಿಮ್ಮ ಮದುವೆದೂ ಪ್ರಿಂಟು, ಅದು ಬಿಡಿಸಾಯ್ತು, ಅಲ್ಲಿದೆ. ಇದು ಕೈಬರಹ. ಆ ಮೂಲೆಯಲ್ಲಿ ನೋಡಿ, ಪ್ಲಾಸ್ಟಿಕ್ ಜೊತೆ ಶಾಯಿನೂ ಎದ್ದು ಬಂತು. ಅಲ್ಲಿಗೇ ಬಿಟ್ಟೆ. ಪ್ರತಿ ವಾರ ತೆಗೀತೀನಿ, ನೋಡ್ತೀನಿ, ಎತ್ತಿಡ್ತೀನಿ. ನಿಮ್ಮ ಮಗಳ ಹೆಸರು ನನ್ನ ಕೈಯಲ್ಲಿ ಅಳಿಸಿ ಹೋದ್ರೆ…"

ತಂಗಿ ಟವೆಲಿನ ಅಂಚನ್ನು ಎಳೆದು ನೇರ ಮಾಡಿದಳು.

"ಆ ಮಿಷನ್ ತರಿಸಿದ್ದು ನಾನೇ," ಎಂದಳು. "ಅಣ್ಣ ಬೇಡ ಅಂದಿದ್ದ. ನಾನೇ, ಮಂದಿ ಎಷ್ಟು ಜೋಪಾನ ಮಾಡಿ ತಂದಿರ್ತಾರೆ, ಮಡಿಕೆ ಬಿದ್ದು ಹರಿದು ಹೋಗುತ್ತೆ, ಹಾಕೋಣ ಅಂದೆ. ಒಂದೊಂದನ್ನೂ ಒರೆಸಿ ಒರೆಸಿ ಹಾಕಿದೆ. ಅಷ್ಟೂ ಮನೆ ನನ್ನಿಂದ ಮುಳುಗಿತು. ಅಣ್ಣ ಹೋದ ಮೇಲೆ ಫೈಲೆಲ್ಲ ಆಫೀಸಲ್ಲೇ ಸಿಕ್ಕವು. ಎದುರು ಬಂದು ಕೊಡೋ ಮುಖ ಇರಲಿಲ್ಲ ಅಕ್ಕ."

ಕಾಪಾಡಬೇಕೆಂದು ಮಾಡಿದ್ದೇ ಕೆಡಿಸಿದಾಗ ಮನುಷ್ಯನಿಗೆ ಆಗುವ ಸಂಕಟವನ್ನು ದೊಡ್ಡಮ್ಮ ಚೆಕ್‌ಪೋಸ್ಟಿನಲ್ಲಿ ಬಹಳ ಮಂದಿಯ ಮುಖದಲ್ಲಿ ಕಂಡಿದ್ದರು. ಮಗುವಿನ ಔಷಧಿ ಒಡೆಯದಿರಲೆಂದು ಸುತ್ತಿದ ಬಟ್ಟೆಯೇ ಅನುಮಾನಕ್ಕೆ ಕಾರಣವಾಗಿ, ಅದನ್ನು ತಾವೇ ಬಿಚ್ಚಬೇಕಾಗುತ್ತಿತ್ತು. ಇಂಥ ತಪ್ಪುಗಳಿಗೆ ಮೇಲೆ ಬೇರೆಯೇ ತಕ್ಕಡಿ ಇರುತ್ತದೆ ಎಂಬುದು ಅವರ ನಂಬಿಕೆ. ಅವರು ಒಂದು ಕುರ್ಚಿ ಎಳೆದು ಕುಳಿತರು.

ಕನ್ನಡಕದವಳು ಕಾಗದದ ಮೇಲೆ ಬಗ್ಗಿದಳು. ಎದ್ದ ಮೂಲೆ, ಮಾಸಿದ ಶಾಯಿ. ಅಲ್ಲಿದ್ದದ್ದು ಫಾರಂ ನಂಬರಿನ ಒಂದು ಗೆರೆ ಮಾತ್ರ, ಹೆಸರಲ್ಲ. ಡ್ರೈಯರು ಹಾಕಿ, ಅದರ ಮುಂದೆ ಬೆರಳು ಹಿಡಿದು ಬಿಸಿ ನೋಡಿದಳು.

"ಇದು ಜಾಸ್ತಿಯಾಯ್ತು," ಎಂದಳು. ದನಿಯಲ್ಲಿ ಕೋಪ ಇನ್ನೂ ಇತ್ತು, ಆದರೆ ಅದೀಗ ಕೆಲಸದ ಕಡೆ ತಿರುಗಿತ್ತು. "ಇಷ್ಟು ಬಿಸಿ ಮಾಡಿದ್ರೆ ಅಂಟಿನ ಜೊತೆ ಶಾಯಿನೂ ಕರಗುತ್ತೆ. ಪ್ಲಾಸ್ಟಿಕ್ ಫ್ರೇಮಿಗೂ ಹಿಂಗೇ. ದೂರದಿಂದ ಹಿಡಿ. ಇನ್ನೂ ದೂರ. ಕಾಗದ ಬೆಚ್ಚಗಾಗಬೇಕು, ಬಿಸಿ ಆಗಬಾರದು. ಕೈ ಆಡಿಸ್ತಾನೇ ಇರು, ನಿಲ್ಲಿಸಬೇಡ."

"ನಾನಾ?"

"ಮತ್ತೆ ನನಗೇನು ನಾಲ್ಕು ಕೈ ಇದೆಯಾ? ನೀನು ಗಾಳಿ ಬಿಡು. ನಾನು ಎಳೀತೀನಿ."

ತಂಗಿ ಡ್ರೈಯರು ಹಿಡಿದಳು. ಕನ್ನಡಕದವಳು ಕೈ ತೊಳೆದು ಒರೆಸಿಕೊಂಡು, ಬ್ಯಾಗಿನಿಂದ ಗಾಜು ಕೂರಿಸುವ ಚಪ್ಪಟೆ ಕಡ್ಡಿ ತೆಗೆದು, ಪ್ಲಾಸ್ಟಿಕ್ಕಿನ ಅಡಿಗೆ ತೂರಿಸಿದಳು. ಎಳೆಯಲಿಲ್ಲ, ಮಡಿಸಿದಳು. ಪದರ ತನ್ನ ಮೇಲೇ ಮಗುಚಿಕೊಂಡು ಕೂದಲೆಳೆಯಷ್ಟು ಹಿಂದೆ ಸರಿಯಿತು. ಮತ್ತೆ ಅಷ್ಟು.

ಅಪ್ಪನ ಹೆಸರು ಹೊರಬಂತು. ಶಾಯಿ ಕದಲಲಿಲ್ಲ.

ಅಮ್ಮನ ಹೆಸರು ಬಂತು. ಇಬ್ಬರೂ ಉಸಿರು ಬಿಡುತ್ತಿರಲಿಲ್ಲ. ಕನ್ನಡಿಯಲ್ಲಿ ಅವರ ತಲೆಗಳೆರಡೂ ಒಂದಕ್ಕೊಂದು ತಾಗಿದ್ದನ್ನು ದೊಡ್ಡಮ್ಮ ಮಾತ್ರ ನೋಡಿದರು. ಮನಸ್ಸಿನಲ್ಲೇ ಮೇಲಿನವನನ್ನು ನೆನೆದು ಕೈ ಜೋಡಿಸಿದರು.

ಮಗುವಿನ ಹೆಸರಿನ ಹತ್ತಿರ ಕಡ್ಡಿ ನಿಂತಿತು.

"ಅಕ್ಕ, ಬೇಕಾದ್ರೆ ಸ್ವಲ್ಪ ತಡೆದು…"

"ಗಾಳಿ ನಿಲ್ಲಿಸಬೇಡ ಅಂದ್ನಲ್ಲ."

ಪದರ ಹೊರಳಿತು. ಮೊದಲಕ್ಷರ ಬಂತು, ಅದರ ಹಿಂದೆ ಉಳಿದವು, ಶಾಲೆಯ ಸಾಲಿನಲ್ಲಿ ನಡೆದುಬರುವ ಮಕ್ಕಳಂತೆ ಒಂದರ ಹಿಂದೊಂದು. ಎಲ್ಲವೂ ಇದ್ದವು. ಕನ್ನಡಕದವಳು ಬೆನ್ನಿನ ಪದರವನ್ನೂ ಹಾಗೆಯೇ ಬಿಡಿಸಿ, ಪ್ಲಾಸ್ಟಿಕ್ಕನ್ನು ನೆಲಕ್ಕೆ ಬಿಟ್ಟು, ಕಾಗದದ ಬೆನ್ನು ನೋಡಿದಳು. ಮುದ್ರೆ ಬೀಳಬೇಕಾದ ಜಾಗ ಒಗೆದ ಬಟ್ಟೆಯಂತೆ ಖಾಲಿಯಾಗಿತ್ತು.

ತಂಗಿ ಪೌಡರು ಉದುರಿಸಿ, ಮೃದುವಾದ ಬ್ರಷ್ಷಿನಿಂದ ಗುಡಿಸಿ, ಮದುವೆಯ ಸರ್ಟಿಫಿಕೇಟನ್ನೂ ಸೇರಿಸಿ, ಎರಡೂ ಕೈಯಲ್ಲಿ ಹಿಡಿದು ನೀಡಿದಳು.

"ನನ್ನನ್ನ ಬೈದ್ಬಿಡಿ ಅಕ್ಕ. ಬೈದ್ರೆ ಹಗುರಾಗುತ್ತೆ."

"ಬೈಯೋಕೆ ಈಗ ಪುರಸೊತ್ತಿಲ್ಲ. ಮಗಳಿಗೆ ಬೂಟು ತರಬೇಕು," ಎಂದಳು ಕನ್ನಡಕದವಳು. ಕಣ್ಣು ಒರೆಸಿಕೊಂಡದ್ದು ಮೊಣಕೈಯಿಂದ. ಕೈಗೆ ಪೌಡರು ಮೆತ್ತಿತ್ತು.

ಆಗ ದೊಡ್ಡಮ್ಮ ಬಾಯಿ ಬಿಟ್ಟರು.

"ಮಗಳೇ, ಕಾಗದ ಸರಿ. ದುಡ್ಡು ಎಲ್ಲಿಂದ ತಂದೆ?"

"ಯಾವ ದುಡ್ಡು?"

"ಚೀಲದಲ್ಲಿ ಇಟ್ಟಿದ್ದು. ಅವರವರ ಫೀಸು."

ತಂಗಿ ನಕ್ಕಳು. ತಮಾಷೆ ಎಂದುಕೊಂಡಿದ್ದಳು. ಇಬ್ಬರ ಮುಖ ನೋಡಿದ ಮೇಲೆ ನಗು ನಿಂತಿತು.

"ನಾನು ದುಡ್ಡು ಇಟ್ಟಿಲ್ಲ ದೊಡ್ಡಮ್ಮ. ಎಲ್ಲಿಂದ ತರಲಿ? ಮನೆ ಬಾಡಿಗೆಗೇ ಪರದಾಡ್ತೀನಿ. ಕಾಗದ ಇಟ್ಟು, ರಬ್ಬರ್ ಬ್ಯಾಂಡ್ ಹಾಕಿ, ಬಾಗಿಲಿಗೆ ತೂಗುಹಾಕಿ ಬರ್ತಿದ್ದೆ. ಅಷ್ಟೇ. ದೇವರಾಣೆ."

"ಹಾಗಾದ್ರೆ ನೀನು ತೂಗುಹಾಕಿ ಹೋದ ಮೇಲೆ, ಮನೆಯವರು ಎದ್ದು ಬಾಗಿಲು ತೆಗೆಯೋದರೊಳಗೆ, ಇನ್ನೊಬ್ಬರು ಬಂದಿದ್ದಾರೆ. ಪ್ರತಿ ಸಲ. ನೀನು ಯಾವತ್ತು ಎಲ್ಲಿಗೆ ಹೋಗ್ತೀಯ ಅಂತ ಅವರಿಗೆ ಗೊತ್ತು."

"ಅಣ್ಣ," ಎಂದಳು ತಂಗಿ. ಮೇಜಿನ ಅಂಚು ಹಿಡಿದುಕೊಂಡಳು. "ಓಡಿಹೋಗಿಲ್ಲ ಅವನು! ಇಲ್ಲೇ ಇದ್ದಾನೆ. ನನ್ನ ಹಿಂದೆನೇ ಬರ್ತಿದ್ದಾನೆ. ನನಗೆ ಗೊತ್ತಿತ್ತು ದೊಡ್ಡಮ್ಮ, ನಮ್ಮಣ್ಣ ಅಂಥವನಲ್ಲ!"

ಅಷ್ಟರಲ್ಲಿ ಹೊರಗೆ ಹೆಜ್ಜೆಯ ಸದ್ದಾಯಿತು. ಅರ್ಧ ಎತ್ತಿದ ಷಟರಿನ ಕೆಳಗೆ ಯಾರೋ ಬಂದು ನಿಂತರು. ಮಾವನಲ್ಲ, ಅವನಾಗಿದ್ದರೆ ಬಾಯಿ ಮೊದಲು ಬರುತ್ತಿತ್ತು. ಮಂಜು ಹೊಸಲಿನವರೆಗೂ ಹರಡಿದ್ದರಿಂದ ಕಾಲು ಕಾಣಲಿಲ್ಲ.

ದೊಡ್ಡಮ್ಮ ತುಟಿಯ ಮೇಲೆ ಬೆರಳಿಟ್ಟು, ಕನ್ನಡಕದವಳನ್ನು ಮುಂದಕ್ಕೆ ಕಳಿಸಿದರು. ತಾವು ಪಕ್ಕದಲ್ಲಿ ಗೋಡೆಗೆ ಒರಗಿ ನಿಂತರು, ಕೈ ಒಳಗೆ ಬಂದರೆ ಮಣಿಕಟ್ಟು ಹಿಡಿದುಬಿಡಬೇಕೆಂದು.

ಒಂದು ಕೈ ಷಟರಿನ ಕೆಳಗಿನಿಂದ ಒಳಕ್ಕೆ ಚಾಚಿತು. ಅದರಲ್ಲಿ ದಪ್ಪ, ನುಣುಪಾದ ಲಕೋಟೆ.

ತಂಗಿಯ ಬಾಯಿಗೆ ಬಂದ "ಅಣ್ಣಾ" ಎಂಬ ಕೂಗು ಅಲ್ಲೇ ಉಳಿಯಿತು. ಅದು ಗಂಡಸಿನ ಕೈಯಲ್ಲ. ವಯಸ್ಸಾದ, ನರ ಎದ್ದ, ಉಗುರು ಒಪ್ಪವಾಗಿ ಕತ್ತರಿಸಿದ ಹೆಂಗಸಿನ ಕೈ. ಮೇಲೆ ಸಾಧಾರಣ ಸ್ವೆಟರು. ಸ್ವೆಟರಿನ ತೋಳು ಸರಿದಲ್ಲಿ ಒಳಗಿನ ಅಂಗಿಯ ಅಂಚು ಇಣುಕಿತ್ತು: ಬೂದುಬಣ್ಣ, ಅದರ ಮೇಲೆ ಜೋಡಿ ಹಸಿರು ಗೆರೆ.

ಹಿಡಿಯಲು ಎತ್ತಿದ ಕೈಯನ್ನು ದೊಡ್ಡಮ್ಮ ಹಾಗೆಯೇ ಇಳಿಸಿದರು. ಗಡಿಗಂಬದ ಆಚೆ ಬದಿಯಲ್ಲಿ ಆ ತೋಳನ್ನು ಅವರು ಆಯುಷ್ಯವಿಡೀ ನೋಡಿದ್ದರು. ಪಕ್ಕದ ದೇಶದ ಅಧಿಕಾರಿಗಳ ಸಮವಸ್ತ್ರ ಅದು. ಈ ಊರಿನಲ್ಲಿ ಅದನ್ನು ತೊಡುವವರು ಇರುವುದು ಒಂದೇ ಕಡೆ: ನಾಳೆ ಬೆಳಗ್ಗೆ ಕನ್ನಡಕದವಳು ಹೋಗಿ ನಿಲ್ಲಬೇಕಾದ ಆ ಕೌಂಟರಿನ ಹಿಂದೆ.

ಏಜೆಂಟಿಗೆಂದು ಕೊಟ್ಟ ಹಣ ಈ ಕೈಗೆ ಹೇಗೆ ಬಂತು? ಅಥವಾ ಅಷ್ಟೂ ಫೈಲು ತಿರಸ್ಕರಿಸಿದ ಕೈಯೇ ತನ್ನ ಸ್ವಂತ ಹಣ ಕೊಡುತ್ತಿತ್ತೋ?

ಕೇಳುವಷ್ಟರಲ್ಲಿ ಕನ್ನಡಕದವಳು ಬಗ್ಗಿದ್ದಳು. ಆ ಮುದಿ ಕೈ ಅವಳ ಅಂಗೈಯನ್ನು ತಡಕಿ ಹುಡುಕಿತು; ಲಕೋಟೆಯನ್ನು ಅದರೊಳಗಿಟ್ಟು, ಅವಳ ಬೆರಳುಗಳನ್ನು ಒಂದೊಂದಾಗಿ ಅದರ ಮೇಲೆ ಮಡಿಸಿ, ಸದ್ದಿಲ್ಲದೆ ಹಿಂದೆ ಸರಿಯಿತು.